ಬಯಲಿನ ಕಲ್ಲುಗುಪ್ಪೆಗಳನ್ನೂ ಉಳಿಸಿ

ಮಾನ್ಯ ಸಂಪಾದಕರೇ,

ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಶಿಲಾಸಮಾಧಿಗಳು 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ತುಂಬಾ ಖುಷಿಯ ವಿಷಯ. ಎರಡು ಸಾವಿರ ವರ್ಷಕ್ಕೂ ಹಿಂದೆ ಆಳೆತ್ತರದ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಆ 'ಮೋರ್ಯರ ಮನೆ'ಗಳನ್ನು ನೋಡಿದವರಿಗೆ ಅವುಗಳ ಬೆಲೆ ಬೇರೆ ಹೇಳಬೇಕಾಗಿಲ್ಲ.

ಆದರೆ ಇದೇ ಕಾಲದ ಸಮಾಧಿಗಳು ನಮ್ಮ ಬಯಲುಸೀಮೆ ಉದ್ದಕ್ಕೂ ಇವೆ, ಅವುಗಳನ್ನು ಕೇಳುವವರೇ ಇಲ್ಲ. ಕುರಿ ಮೇಯುವ ಕುರುಚಲು ಬಯಲಲ್ಲಿ, ಬೀಳು ಜಮೀನಲ್ಲಿ ದೊಡ್ಡ ಗುಂಡುಕಲ್ಲುಗಳನ್ನು ಸುತ್ತಲೂ ಇಟ್ಟು ನಡುವೆ ಕಲ್ಲುಮಣ್ಣು ಪೇರಿಸಿದ ಗುಪ್ಪೆಗಳು ಕಾಣುತ್ತವಲ್ವಾ, ಅವೇ. ಎಷ್ಟೋ ಗುಪ್ಪೆಗಳು ಮೊಣಕಾಲೆತ್ತರವೂ ಇರುವುದಿಲ್ಲ. ಜಾಲಿ ಬೆಳೆದರೆ ಅದೂ ಕಾಣುವುದಿಲ್ಲ.

ಅದರ ಕೆಳಗೆ ಏನಿರುತ್ತದೆ ಅನ್ನುವುದು ಹೊಸ ಸುದ್ದಿಯೇನಲ್ಲ. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಇಂಥವನ್ನು ಅಗೆಸಿ ಬರೆದಿಟ್ಟಿದ್ದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಚಪ್ಪಡಿಗಳ ಪೆಟ್ಟಿಗೆ ಸಿಕ್ಕಿತು. ಒಂದು ಚಪ್ಪಡಿಯಲ್ಲಿ ಗುಂಡನೆಯ ಕಿಂಡಿ. ಒಳಗೆ ಮೂಳೆ, ಕಬ್ಬಿಣದ ಸಾಮಾನು, ಮಡಕೆಗಳು. ಆ ಮಡಕೆಗಳ ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು. ಬೋರಲು ಹಾಕಿ ಸುಟ್ಟಿದ್ದರಿಂದ ಈ ಎರಡು ಬಣ್ಣ ಬಂತು ಅಂತ ತಿಳಿದವರು ಹೇಳುತ್ತಾರೆ. ಬರಹ ಏನನ್ನೂ ಬಿಟ್ಟು ಹೋಗದ ಆ ಜನರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಇಂಥ ಗುಂಡಿಗಳಿಂದಲೇ ಬಂದಿದ್ದು, ಅದೂ ಯಾವ ವಸ್ತು ಯಾವ ಜಾಗದಲ್ಲಿ ಇತ್ತು ಅನ್ನುವುದನ್ನು ನೋಡಿ.

ಜೆಸಿಬಿ ಒಂದು ಸಲ ಹಾದರೆ ಅದೆಲ್ಲ ಮುಗಿಯಿತು. ಹೊಲ ಸಮ ಮಾಡುವಾಗ ಗುಂಡುಗಳು ಒಡ್ಡಿಗೆ ಹೋಗುತ್ತವೆ. ಇನ್ನು ನಿಧಿಗಳ್ಳರು ರಾತ್ರಿ ಬಂದು ಅಗೆದು, ಹೊನ್ನು ಸಿಗದ ಸಿಟ್ಟಿಗೆ ಮಡಕೆ ಒಡೆದು ಹೋಗುತ್ತಾರೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ. ನಮ್ಮ ನೆಲದ ಹಿರಿಯರ ಮೂಳೆ ಅವು.

1958ರ ಸ್ಮಾರಕ ಕಾಯ್ದೆ ಇದೆ ನಿಜ, ಅದಕ್ಕೆ 2010ರಲ್ಲಿ ತಿದ್ದುಪಡಿಯೂ ಆಯಿತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಕಟ್ಟಡ ಕಟ್ಟುವ ಹಾಗಿಲ್ಲ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ಆದರೆ ಇವೆಲ್ಲ ಸಂರಕ್ಷಿತ ಅಂತ ಘೋಷಣೆ ಆದವಕ್ಕೆ ಮಾತ್ರ. ಪಟ್ಟಿಯಲ್ಲೇ ಇಲ್ಲದ ಕಲ್ಲುಗುಪ್ಪೆಗೆ ಏನು ಆಸರೆ?

ರೈತರನ್ನು ಬೈದು ಪ್ರಯೋಜನವಿಲ್ಲ. ಹೇಳಿದರೆ ಜಮೀನು ಕೈಬಿಡುತ್ತದೆ ಅನ್ನುವ ಹೆದರಿಕೆಗೆ ಎಷ್ಟೋ ಜನ ಸುಮ್ನಿರುತ್ತಾರೆ. ಪುರಾತತ್ವ ಇಲಾಖೆ ಮತ್ತು ಗ್ರಾಮ ಆಡಳಿತಾಧಿಕಾರಿಗಳು ಒಟ್ಟಿಗೆ ಹೋಗಿ, ಕುರಿ ಕಾಯುವವರನ್ನು ಕೇಳಿ, ಊರೂರಿನ ಗುಪ್ಪೆಗಳ ಫೋಟೊ ತೆಗೆದು ಪಹಣಿಯಲ್ಲಿ ನಮೂದಿಸಲಿ. ಜಮೀನು ಮಾಲೀಕರ ಹೆಸರಲ್ಲೇ ಇರಲಿ, ಆ ನಾಲ್ಕು ಗುಂಟೆ ಉಳುಮೆ ಬಿಟ್ಟಿದ್ದಕ್ಕೆ ಪರಿಹಾರ ಕೊಡಲಿ. ನಿಮ್ಮ ಪತ್ರಿಕೆಯ ತಾಲ್ಲೂಕು ವರದಿಗಾರರು ತಮ್ಮ ತಮ್ಮ ಭಾಗದಲ್ಲಿ ಉಳಿದಿರುವ ಗುಪ್ಪೆಗಳ ಬಗ್ಗೆ ಬರೆದರೆ ಈ ಕೆಲಸ ಬೇಗ ಶುರುವಾಗಬಹುದು.

ಇಂತಿ,
ಬಯಲುಸೀಮೆಯ ಓದುಗ