ಭಂಗಾರಕ್ಕೆ ಹಾಕುವ ಮುನ್ನ ಮುಚ್ಚಳ ತೆಗೆದು ನೋಡಿ

ಸಂಪಾದಕರಿಗೆ,

ಮಾನ್ಯರೇ,

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದಲ್ಲಿ ಕಳೆದ ದೀಪಾವಳಿಗೆ ಎಲ್ಲರೂ ಮನೆ ಒಪ್ಪ ಮಾಡಿದ ಮೇಲೆ ಮೆಟ್ಟಿಲಡಿಯಲ್ಲಿ ಐದು ಡೆಸ್ಕ್‌ಟಾಪ್ ಕಂಪ್ಯೂಟರ್‌ಗಳು ಬಂದು ಕೂತವು. ಭಂಗಾರ್‌ವಾಲಾ, ಅಂದರೆ ಗುಜರಿಯವನು, ಬಂದು ತೂಕಕ್ಕೆ ಒಯ್ಯಲಿ ಎಂದು ಇಟ್ಟಂಥವು. (ಈ ಊರಿಗೆ ಬಂದ ಹೊಸದರಲ್ಲಿ ಆ ಕೂಗನ್ನು ಕೇಳಿ ಬಂಗಾರ ಮಾರುವವನಿರಬೇಕೆಂದು ಗ್ಯಾಲರಿಗೆ ಓಡಿದವರಲ್ಲಿ ನಾನೂ ಒಬ್ಬ.) ವಿಚಾರಿಸಿದಾಗ ನಾಲ್ಕು ಮನೆಯವರು ಕೊಟ್ಟ ಉತ್ತರ ಒಂದೇ: ‘ವಿಂಡೋಸ್ 10 ಮುಗಿಯಿತಲ್ಲ, ಇನ್ನು ಅದು ನಡೆಯುವುದಿಲ್ಲ.’ ಈ ತಪ್ಪು ತಿಳಿವಳಿಕೆಯನ್ನು ತಮ್ಮ ಪತ್ರಿಕೆಯ ಮೂಲಕವಾದರೂ ಸ್ವಲ್ಪ ಸರಿಪಡಿಸಬಹುದೇನೋ ಎಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

2015ರ ಜುಲೈಯಲ್ಲಿ ಬಂದ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಸುರಕ್ಷತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು ಎಂಬುದು ನಿಜ. ಆದರೆ ನಿಂತದ್ದು ಅಪ್‌ಡೇಟ್, ಕಂಪ್ಯೂಟರ್ ಅಲ್ಲ. ಮನೆಬಳಕೆಯವರು ತಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಆ ಅಪ್‌ಡೇಟ್‌ಗಳು ಸಿಗುವ ವ್ಯವಸ್ಥೆಯೂ ಇದೆ. ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಆ ಖಾತೆಗೆ ಬ್ಯಾಕಪ್ ಮಾಡಿಕೊಳ್ಳಲು ಒಪ್ಪಿದರೆ ಅದಕ್ಕೆ ಹಣ ಕೊಡಬೇಕಾಗಿಯೂ ಇಲ್ಲ. ವಿಂಡೋಸ್ 11 ಹಾಕಿಕೊಳ್ಳಬೇಕೆಂದರೆ ಮಾತ್ರ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರ್ (ಲೆಕ್ಕ ಮಾಡುವ ಮುಖ್ಯ ಚಿಪ್) ಇರಬೇಕು. ಹತ್ತು ವರ್ಷ ದಾಟಿದ ಯಂತ್ರಗಳಲ್ಲಿ ಇವು ಇರುವುದಿಲ್ಲ. ಈ ಶರತ್ತುಗಳನ್ನು ಹೇಗೋ ತಪ್ಪಿಸಿ 11 ಹಾಕಿಕೊಡುವ ಅಂಗಡಿಯವರು ಇದ್ದಾರೆ. ಅಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಕಂಪನಿಯೇ ಹೇಳಿರುವುದರಿಂದ ನಾನು ಆ ದಾರಿ ಹಿಡಿಯಲಿಲ್ಲ.

ಇಷ್ಟನ್ನು ಕಂಪ್ಯೂಟರ್ ಕಲಿತವರು ಹೇಳಿದರೆ ಸಾಕಿತ್ತು, ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತನಾದ ನಾನೇಕೆ ಬರೆಯಬೇಕು ಎಂದರೆ, ಅದೇ ಮೆಟ್ಟಿಲಡಿಗೆ ನನ್ನ ಕಂಪ್ಯೂಟರೂ ಹೋಗಿ ಸೇರುವುದರಲ್ಲಿತ್ತು. 2012ರಲ್ಲಿ ಕೊಂಡದ್ದು. ಮೂರನೆಯ ಪೀಳಿಗೆಯ ಐ3 ಪ್ರೊಸೆಸರ್, ಎಚ್61 ಮಾದರಿಯ ಮದರ್‌ಬೋರ್ಡ್ (ಭಾಗಗಳೆಲ್ಲ ಕೂರುವ ಮುಖ್ಯ ಫಲಕ), 4 ಜಿಬಿ ರ‍್ಯಾಮ್ (ಕೆಲಸದ ಹೊತ್ತಿನ ನೆನಪಿನ ಪಟ್ಟಿ), 500 ಜಿಬಿ ಹಾರ್ಡ್ ಡಿಸ್ಕ್. ಕಳೆದ ಮೇ ತಿಂಗಳಲ್ಲಿ ಎಂದಿನಂತೆ ಮನೆಯ ಮೇನ್ ಸ್ವಿಚ್ ಆರಿಸಿ ಊರಿಗೆ ಹೋದೆವು. ಜೂನ್ ನಡುವಿಗೆ, ಮಳೆ ಹಿಡಿದ ಮೇಲೆ ಮರಳಿ ಬಂದು ಕಂಪ್ಯೂಟರ್ ಚಾಲೂ ಮಾಡಿದರೆ ಫ್ಯಾನ್ ತಿರುಗುತ್ತಿದೆ, ದೀಪ ಉರಿಯುತ್ತಿದೆ, ಪರದೆ ಮಾತ್ರ ಕಪ್ಪಾಗಿದೆ. ಒಳಗಿನಿಂದ ಬಿಟ್ಟು ಬಿಟ್ಟು ಉದ್ದನೆಯ ಬೀಪ್. ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಮುಚ್ಚಳವನ್ನೂ ತೆಗೆಯದೆ ಒಮ್ಮೆ ಚಾಲೂ ಮಾಡಿ, ಕಿವಿಗೊಟ್ಟು, ‘ಬೋರ್ಡ್ ಗೇಲಾ ಕಾಕಾ, ನವೀನ್ ಘ್ಯಾ’ (ಬೋರ್ಡ್ ಹೋಯಿತು, ಹೊಸದು ತಗೊಳ್ಳಿ) ಎಂದುಬಿಟ್ಟ. ಬೋರ್ಡ್ ಹೋದರೆ ಈ ಪ್ರೊಸೆಸರಿಗೆ ಹೊಂದುವ ಹೊಸ ಬೋರ್ಡ್ ಈಗ ಸಿಗುವುದು ಕಷ್ಟ, ಆದ್ದರಿಂದ ಇಡೀ ಸೆಟ್ಟನ್ನೇ ಬದಲಿಸಬೇಕು ಎಂಬುದು ಅವನ ಲೆಕ್ಕ.

ಆ ರಾತ್ರಿ ಮುಲುಂಡಿನಲ್ಲಿರುವ ನನ್ನ ತಂಗಿಯ ಮಗ ಫೋನಿನಲ್ಲಿ, ‘ಮಾವ, ಬೀಪ್ ಬರುತ್ತಿದೆ ಎಂದರೆ ಬೋರ್ಡಿಗೆ ಜೀವ ಇದೆ ಎಂದೇ ಅರ್ಥ. ಅದು ರ‍್ಯಾಮ್ ಸಿಗುತ್ತಿಲ್ಲ ಎಂದು ಕೂಗುತ್ತಿರಬೇಕು’ ಎಂದ. ಪ್ಲಗ್ ಕಿತ್ತು, ಒಳಗೆ ಉಳಿದ ವಿದ್ಯುತ್ ಖಾಲಿಯಾಗಲೆಂದು ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಮೈಯ ಸ್ಥಾಯೀ ವಿದ್ಯುತ್ ಇಳಿಯಲೆಂದು ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿ, ಪಕ್ಕದ ಮುಚ್ಚಳ ಬಿಚ್ಚಿದೆ. ಪ್ರೊಸೆಸರಿನ ಫ್ಯಾನಿನ ಕೆಳಗೆ ಧೂಳು ಕಂಬಳಿಯಂತೆ ಕೂತಿತ್ತು. ರ‍್ಯಾಮಿನ ಎರಡೂ ತುದಿಯ ಬಿಳಿ ಹಿಡಿಕೆಗಳನ್ನು ಹೊರಕ್ಕೆ ಬಾಗಿಸಿದಾಗ ಪಟ್ಟಿ ತಾನಾಗಿ ಮೇಲೆದ್ದಿತು. ಅದರ ಅಂಚಿನ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಕಂದು ಮಬ್ಬು ಕವಿದಿತ್ತು. ಒಂದು ತಿಂಗಳು ಮುಚ್ಚಿದ ಮನೆ, ಮೇಲೆ ಮಳೆಗಾಲದ ತೇವ. ಮೊಮ್ಮಗಳ ಪೆನ್ಸಿಲ್ ಡಬ್ಬಿಯಿಂದ ರಬ್ಬರ್ ತೆಗೆದುಕೊಂಡು ಹಗುರವಾಗಿ ಎರಡೂ ಬದಿ ಉಜ್ಜಿ, ಪುಡಿಯನ್ನು ಒಣಬಟ್ಟೆಯಿಂದ ಒರೆಸಿ, ಎರಡೂ ಹಿಡಿಕೆಗಳು ಟಿಕ್ ಎನ್ನುವವರೆಗೆ ಒತ್ತಿ ಕೂರಿಸಿದೆ. ಪರದೆ ಬೆಳಗಿತು.

ಬೆಳಗಿದ ಪರದೆಯ ಮೇಲೆ ಸಮಯ ಮತ್ತು ತಾರೀಖು ತಪ್ಪಿವೆ, ಮುಂದುವರಿಯಲು ಎಫ್1 ಒತ್ತಿ ಎಂಬ ಸೂಚನೆ ಇತ್ತು. ಒತ್ತಿದರೆ ವಿಂಡೋಸ್ ಏಳುವಷ್ಟರಲ್ಲಿ ನೀಲಿ ಪರದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ (ಏಳಲು ಬೇಕಾದ ಡಿಸ್ಕ್ ಸಿಗುತ್ತಿಲ್ಲ) ಎಂಬ ದೂರು. ಹಾರ್ಡ್ ಡಿಸ್ಕೂ ಸತ್ತಿತು ಎಂದು ನಾನು ಕೈಚೆಲ್ಲಿದ್ದೆ. ಆದರೆ ಈ ಎರಡೂ ತೊಂದರೆಗಳ ಮೂಲ ಒಂದೇ, ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟಿನ ಸೆಲ್. ಗೋಡೆಯ ಸ್ವಿಚ್ ಆರಿಸಿದಾಗ ಬಯೋಸ್ (ಚಾಲೂ ಮಾಡಿದೊಡನೆ ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಸೆಟ್ಟಿಂಗ್‌ಗಳನ್ನೂ ಗಡಿಯಾರವನ್ನೂ ಕಾಯುವುದು ಈ ಸೆಲ್ಲೇ. ನಾವು ಊರಲ್ಲಿದ್ದಾಗ ಅದು ಪೂರಾ ಬರಿದಾಗಿ, ಬಯೋಸ್ ತನ್ನ ಮೂಲ ಸೆಟ್ಟಿಂಗ್‌ಗಳಿಗೆ ಮರಳಿತ್ತು. ನನ್ನ ಬೋರ್ಡಿನಲ್ಲಿ ಹಾರ್ಡ್ ಡಿಸ್ಕ್ ಜೋಡಣೆಯ ಮೂಲ ಸೆಟ್ಟಿಂಗ್ ಐಡಿಇ ಎಂಬ ಹಳೆಯ ವಿಧಾನ. ವಿಂಡೋಸ್ ಹಾಕುವಾಗ ಅದು ಎಎಚ್‌ಸಿಐ ಎಂಬ ಹೊಸ ವಿಧಾನವಾಗಿತ್ತು, ಹೀಗಾಗಿ ವಿಂಡೋಸಿಗೆ ಡಿಸ್ಕ್ ಸಿಗಲಿಲ್ಲ. ಸೆಲ್ ಬದಲಿಸಿ, ಬಯೋಸಿನಲ್ಲಿ ಸಾಟಾ (ಡಿಸ್ಕ್ ಜೋಡಣೆಯ) ಮೋಡನ್ನು ಮತ್ತೆ ಎಎಚ್‌ಸಿಐಗೆ ತಿರುಗಿಸಿ, ತಾರೀಖು ಸರಿಪಡಿಸಿದ್ದೇ ತಡ, ವಿಂಡೋಸ್ ಏನೂ ಆಗದವರಂತೆ ಎದ್ದು ಕೂತಿತು. ಆ ಸೆಲ್ಲಿನ ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ. ನನ್ನ ಹಾಗೆ ಕಷ್ಟಪಟ್ಟು ಕಲಿಯುವುದು ಬೇಡ: ಯಂತ್ರ ನೆಟ್ಟಗಿರುವಾಗಲೇ ಬಯೋಸಿನ ಪ್ರತಿ ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಬ್ಯಾಂಕಿನ ತಾಣ ತೆರೆದಾಗ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬ್ರೌಸರ್ ಹೆದರಿಸಿದರೆ ಮೊದಲು ಕಂಪ್ಯೂಟರಿನ ತಾರೀಖನ್ನೂ ನೋಡಿ. ತಾಣಗಳ ಪ್ರಮಾಣಪತ್ರಗಳಿಗೆ ಅವಧಿ ಇರುತ್ತದೆ. ಯಂತ್ರ ತಾನಿನ್ನೂ 2012ರಲ್ಲಿದ್ದೇನೆ ಎಂದುಕೊಂಡಿದ್ದರೆ ಇಂದಿನ ಪ್ರಮಾಣಪತ್ರ ಅದಕ್ಕೆ ಖೊಟ್ಟಿಯಾಗಿ ಕಾಣುತ್ತದೆ.

ಹೀಗೆ ಬದುಕಿದ ಯಂತ್ರಕ್ಕೆ ಸ್ವಲ್ಪ ಖರ್ಚು ಮಾಡುವ ಧೈರ್ಯ ಬಂತು. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರೋಡ್ ಎಂದೇ ಎಲ್ಲರೂ ಕರೆಯುವ ಡಾ. ಭಡಕಮಕರ್ ಮಾರ್ಗದಿಂದ ಎರಡು ವಸ್ತು ತಂದೆ: 240 ಜಿಬಿಯ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ಚಿಪ್‌ಗಳ ಡಿಸ್ಕ್) ಒಂದು, 4 ಜಿಬಿಯ ಡಿಡಿಆರ್3 ರ‍್ಯಾಮ್ ಒಂದು. ಹಳೆಯ ಕಂಪ್ಯೂಟರ್ ನಿಧಾನವಾಗಿದೆ ಎಂದು ಗೊಣಗುವವರಲ್ಲಿ ಹೆಚ್ಚಿನವರ ಮನೆಯಲ್ಲಿ ನಿಧಾನವಾಗಿರುವುದು ಪ್ರೊಸೆಸರ್ ಅಲ್ಲ, ಹಾರ್ಡ್ ಡಿಸ್ಕ್. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯ ಮೇಲೆ ಒಂದು ಸೂಜಿ ಅತ್ತಿತ್ತ ಓಡಾಡಿ ಚೂರುಚೂರಾಗಿ ಹರಡಿದ ಮಾಹಿತಿಯನ್ನು ಆಯ್ದು ತರಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಎಚ್61 ಬೋರ್ಡಿನ ಸಾಟಾ ಜೋಡಣೆಗೆ ಸೆಕೆಂಡಿಗೆ 3 ಗಿಗಾಬಿಟ್‌ನ ಮಿತಿ ಇರುವುದರಿಂದ, ಇಂದಿನ ಸಾಟಾ ಎಸ್‌ಎಸ್‌ಡಿಯ ವೇಗದಲ್ಲಿ ಅರ್ಧದಷ್ಟು ಮಾತ್ರ ನಮಗೆ ದಕ್ಕುತ್ತದೆ. ಆ ಅರ್ಧವೇ ಸಾಕು. ಮೊದಲು ಸ್ವಿಚ್ ಹಾಕಿ, ಅಡುಗೆಮನೆಗೆ ಹೋಗಿ, ಹಾಲು ಕಾಯಿಸಿ ಕಾಫಿ ಬೆರೆಸಿಕೊಂಡು ಬಂದರೂ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಈಗ ಕುರ್ಚಿ ಎಳೆದು ಕೂರುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಹಳೆಯ ಡಿಸ್ಕಿನಲ್ಲಿದ್ದುದನ್ನು ಹಾಗೆಯೇ ಕ್ಲೋನ್ ಮಾಡಿ ಎಸ್‌ಎಸ್‌ಡಿಗೆ ಇಳಿಸಿದ ಮೇಲೂ ಒಂದು ತಿಂಗಳು ಹಳೆಯದನ್ನು ಅಳಿಸದೆ ಇಟ್ಟಿದ್ದೆ, ಇದು ಬ್ಯಾಂಕಿನವನ ಜಾಗ್ರತೆ ಎಂದುಕೊಳ್ಳಿ. ರ‍್ಯಾಮ್ ತರುವಾಗ ಹಳೆಯ ಪಟ್ಟಿಯನ್ನೇ ಕೈಯಲ್ಲಿ ಒಯ್ಯುವುದು ಒಳ್ಳೆಯದು, ಏಕೆಂದರೆ ಡಿಡಿಆರ್4 ಪಟ್ಟಿಯ ಕಚ್ಚು ಬೇರೆ ಜಾಗದಲ್ಲಿದ್ದು ಅದು ಡಿಡಿಆರ್3 ಸ್ಲಾಟಿನಲ್ಲಿ ಕೂರುವುದೇ ಇಲ್ಲ. 32 ಬಿಟ್ ವಿಂಡೋಸ್ ಹಾಕಿಸಿಕೊಂಡವರಿಗೆ 4 ಜಿಬಿಗಿಂತ ಹೆಚ್ಚಿನ ರ‍್ಯಾಮ್ ಹಾಕಿ ಪ್ರಯೋಜನವಿಲ್ಲ. ಮನೆಯ ವಿದ್ಯುತ್ತನ್ನು ಯಂತ್ರಕ್ಕೆ ಹೊಂದಿಸಿ ಕೊಡುವ ಎಸ್‌ಎಂಪಿಎಸ್ ಡಬ್ಬಿಯ ಮುಚ್ಚಳವನ್ನು ಮಾತ್ರ ಯಾರೂ ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಇನ್ನು ಕನ್ನಡಿಗರಿಗೇ ಸಂಬಂಧಿಸಿದ ಮಾತು. ಹಲವು ವರ್ಷ ಒಂದು ಚಿಕ್ಕ ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದವನು ನಾನು. ಆಮಂತ್ರಣಗಳು, ವಾರ್ಷಿಕ ವರದಿಗಳು, ಸ್ಮರಣ ಸಂಚಿಕೆಯ ಲೇಖನಗಳು, ತೀರಿಕೊಂಡ ಹಿರಿಯರ ಸಂದರ್ಶನಗಳು, ಎಲ್ಲವೂ ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ನನ್ನ ಡಿಸ್ಕಿನಲ್ಲಿದ್ದವು. ಅವು ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಓದಬರುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕೊಂಬು ಟೋಪಿ ಹೊತ್ತ ಪರದೇಶಿ ಅಕ್ಷರಗಳ ಸಂತೆ ಕಾಣುತ್ತದೆ, ‘ಫೈಲ್ ಕೆಟ್ಟಿದೆ’ ಎಂದು ಮಕ್ಕಳು ಅಳಿಸಿಬಿಡುತ್ತಾರೆ. ಫಾಂಟ್ ಸಮೇತ ಹಳೆಯ ಯಂತ್ರ ನಡೆಯುತ್ತಿರುವಾಗಲೇ ಇವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಪರಿವರ್ತಿಸಿದ್ದನ್ನು ಮೂಲದ ಪಕ್ಕದಲ್ಲಿಟ್ಟು ಓದಲೇಬೇಕು. ನನ್ನ ಫೈಲುಗಳಲ್ಲಿ ಅರ್ಕಾವತ್ತು ಇದ್ದ ಕಡೆಯಲ್ಲೇ ಹೆಚ್ಚು ತಪ್ಪುಗಳು ಸಿಕ್ಕವು. ಈ ಕೆಲಸ ಮುಗಿದ ಮೇಲೆ ನಾನು ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಮೂಲ ತಂತ್ರಾಂಶ ಹಾಕಿಕೊಂಡೆ. ಅದಕ್ಕೆ ಹಣವಿಲ್ಲ, ಹಳೆಯ ಯಂತ್ರದ ಮೇಲೆ ಭಾರವಿಲ್ಲ, ಸುರಕ್ಷತಾ ಅಪ್‌ಡೇಟ್‌ಗಳು ಬರುತ್ತಿವೆ, ನಮ್ಮ ಬೆರಳುಗಳಿಗೆ ರೂಢಿಯಾದ ಕೆ. ಪಿ. ರಾವ್ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಸಿಗುತ್ತದೆ. ಲೆಕ್ಕಪತ್ರದ ಟ್ಯಾಲಿಯಂಥ ವಿಂಡೋಸ್ ತಂತ್ರಾಂಶವನ್ನೇ ನಂಬಿದವರಿಗೆ ಇದು ಒಗ್ಗದು. ಅವರು ಒಂದು ವರ್ಷದ ಹೆಚ್ಚುವರಿ ಅಪ್‌ಡೇಟನ್ನು ಬಳಸಿಕೊಳ್ಳಲಿ.

ಎಲ್ಲ ಯಂತ್ರಗಳನ್ನೂ ಉಳಿಸಬೇಕೆಂಬ ಹಟ ನನ್ನದಲ್ಲ. ಮದರ್‌ಬೋರ್ಡಿನ ಕೆಪಾಸಿಟರ್‌ಗಳ ನೆತ್ತಿ ಉಬ್ಬಿ ಸೋರಿದ್ದರೆ, ಅಥವಾ ಪೆಂಟಿಯಮ್ 4ರ ಕಾಲದ್ದಾದರೆ, ಹಣ ಸುರಿಯುವುದು ಬೇಡ. ಆಗಲೂ ಭಂಗಾರ್‌ವಾಲಾನ ತಕ್ಕಡಿಗೆ ಅಲ್ಲ, ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಆಶಯವೂ ಇದೇ. ಕೊಡುವ ಮೊದಲು ಡಿಸ್ಕನ್ನು ತೆಗೆದಿಟ್ಟುಕೊಳ್ಳಿ. ಮೆಟ್ಟಿಲಡಿಯ ಐದರಲ್ಲಿ ನಾಲ್ಕಕ್ಕೆ ಹಾರ್ಡ್ ಡಿಸ್ಕ್ ಹಾಗೆಯೇ ಇತ್ತು. ಫೈಲುಗಳನ್ನು ಡಿಲೀಟ್ ಮಾಡಿದ್ದೇವೆ ಎಂದು ಮನೆಯವರ ಸಮಾಧಾನ. ಡಿಲೀಟ್ ಮಾಡಿದರೆ ಹೆಸರು ಮರೆಯಾಗುತ್ತದೆಯೇ ಹೊರತು, ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಪ್ಯಾನ್ ಕಾರ್ಡಿನ ಪ್ರತಿ, ಪಾಸ್‌ಬುಕ್ಕಿನ ಸ್ಕ್ಯಾನ್ ಡಿಸ್ಕಿನಲ್ಲೇ ಇರುತ್ತವೆ.

ತಮ್ಮ ಪತ್ರಿಕೆಯಲ್ಲಿ ಹೊಸ ಮೊಬೈಲುಗಳ ಪರಿಚಯ ವಾರವಾರವೂ ಬರುತ್ತದೆ. ಅದರ ಪಕ್ಕದಲ್ಲಿ ಅರ್ಧ ಕಾಲಂನಷ್ಟು ಜಾಗವನ್ನು ಇರುವ ಯಂತ್ರದ ದುರಸ್ತಿಗೆ ಕೊಟ್ಟು, ಓದುಗರು ಬರೆದು ಕಳಿಸುವ ಲಕ್ಷಣಗಳಿಗೆ ತಿಳಿದವರಿಂದ ಉತ್ತರ ಹೇಳಿಸಬೇಕೆಂದು ವಿನಂತಿ. ಮೊದಲ ಪ್ರಶ್ನೆಯನ್ನು ನಾನೇ ಕೊಡುತ್ತೇನೆ. ಮೆಟ್ಟಿಲಡಿಯ ಐದರಲ್ಲಿ ಮೂರನ್ನು ಅವುಗಳ ಒಡೆಯರ ಒಪ್ಪಿಗೆ ಪಡೆದು ಮನೆಗೆ ತಂದಿದ್ದೇನೆ, ಎರಡು ನಡೆಯುತ್ತಿವೆ. ಮೂರನೆಯದು ಸ್ವಿಚ್ ಹಾಕಿದೊಡನೆ ಎರಡು ಸೆಕೆಂಡು ಫ್ಯಾನ್ ತಿರುಗಿಸಿ ಆರುತ್ತದೆ, ಬೀಪ್ ಇಲ್ಲ. ರ‍್ಯಾಮ್ ಒರೆಸಿದ್ದಾಯಿತು, ಸೆಲ್ ಹೊಸದು ಹಾಕಿದ್ದಾಯಿತು, ನನ್ನ ಎಸ್‌ಎಂಪಿಎಸ್ ಜೋಡಿಸಿ ನೋಡಿದ್ದೂ ಆಯಿತು.

ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಉದ್ಯೋಗಿ
ಡೊಂಬಿವಲಿ ಪೂರ್ವ