ಪರ್ಮಿಟ್‌ಗೆ ಸಹಿ ಬೀಳುವ ಮುನ್ನ ಸೇತುವೆಯ ಅಳತೆಯನ್ನೂ ನೋಡಿ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಟ್ರಾನ್ಸ್‌ಫಾರ್ಮರ್, ಬಾಯ್ಲರ್, ಗಾಳಿಯಂತ್ರದ ರೆಕ್ಕೆ ಇಂಥವನ್ನು ಹೊತ್ತ ಟ್ರೈಲರ್ ಯಾವ ದಾರಿ ಹಿಡಿಯಬೇಕೆಂದು ಮುಂಚೆಯೇ ಓಡಾಡಿ ನೋಡಿಬರುವುದು ನನ್ನ ಕೆಲಸ. ನಾವು ಬರೆದುಕೊಟ್ಟ ದಾರಿ, ಇಂಥ ಭಾರೀ ಲೋಡ್ ಸಾಗಿಸಲು ಅನುಮತಿ ಕೇಳುವ ಅರ್ಜಿಯ ಜೊತೆ ಕಚೇರಿಗೆ ಹೋಗುತ್ತದೆ, ಅದೇ ದಾರಿ ಪರ್ಮಿಟ್ ಆಗಿ ವಾಪಸ್ ಬರುತ್ತದೆ. ಶುಲ್ಕದ ಲೆಕ್ಕ ಮಾತ್ರ ಒಂದಿಷ್ಟೂ ತಪ್ಪುವುದಿಲ್ಲ. ಆದರೆ ಆ ದಾರಿಯನ್ನು ಸೇತುವೆಯ ದಾಖಲೆಯ ಪಕ್ಕದಲ್ಲಿಟ್ಟು ಯಾರಾದರೂ ತಾಳೆ ನೋಡಿದ್ದಾರೆಯೇ?

ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಉದಾಹರಣೆಯಿದೆ. 2013ರ ಮೇ 23ರಂದು ಸ್ಕಾಜಿಟ್ ನದಿಯ ಸೇತುವೆಗೆ ಎತ್ತರದ ಲೋಡ್ ಹೊತ್ತ ಟ್ರೈಲರೊಂದು ಬಂತು. ಕೈಯಲ್ಲಿ ಪರ್ಮಿಟ್ ಇತ್ತು, ಮುಂದೆ ಎತ್ತರ ಅಳೆಯುವ ಕೋಲು ಕಟ್ಟಿಕೊಂಡ ಪೈಲಟ್ ವಾಹನವೂ ಇತ್ತು. ಆ ಸೇತುವೆಯ ಮೇಲಿನ ಉಕ್ಕಿನ ಚೌಕಟ್ಟು ಕಮಾನಿನಂತೆ ಬಾಗಿತ್ತು. ನಡುವಿನಲ್ಲಿ 17 ಅಡಿಗೂ ಹೆಚ್ಚು ಎತ್ತರ, ಅಂಚಿನಲ್ಲಿ 15 ಅಡಿಗೂ ಕಡಿಮೆ. ಲೋಡ್ ಇದ್ದದ್ದು ಸುಮಾರು 16 ಅಡಿ. ಅಲ್ಲಿ ವಾಹನಗಳು ಓಡುವುದು ರಸ್ತೆಯ ಬಲಕ್ಕೆ, ಹಾಗಾಗಿ ನಡುವಿಗೆ ಹತ್ತಿರದ್ದು ಎಡ ಲೇನು. ಅದರಲ್ಲಿ ಹೋಗಿದ್ದರೆ ದಾಟಿಬಿಡುತ್ತಿತ್ತು. ಅಂಚಿನ ಬಲ ಲೇನಿನಲ್ಲಿದ್ದ ಕಾರಣ ಚೌಕಟ್ಟಿಗೆ ಬಡಿಯಿತು, ಸೇತುವೆಯ ಒಂದು ಭಾಗ ನದಿಗೆ ಬಿತ್ತು. ಎರಡು ವಾಹನಗಳಲ್ಲಿದ್ದ ಮೂವರು ನೀರಿಗೆ ಬಿದ್ದರೂ ಬದುಕುಳಿದರು. ತನಿಖೆಯಲ್ಲಿ ಪೈಲಟ್ ಚಾಲಕರ ತಪ್ಪು, ಲಾರಿ ಚಾಲಕರ ತಪ್ಪು ಎಲ್ಲವೂ ಹೊರಬಂದವು. ನನಗೆ ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ: ದಾರಿಯಲ್ಲಿ ಲೋಡ್ ಹಿಡಿಸುತ್ತದೆಯೇ ಎಂದು ನೋಡುವ ಹೊಣೆಯನ್ನು ಅಲ್ಲಿನ ಪರ್ಮಿಟ್ ವ್ಯವಸ್ಥೆ ಸಾಗಣೆದಾರನ ತಲೆಗೇ ಕಟ್ಟಿತ್ತು. ಯಾವ ಲೇನಿನಲ್ಲಿ ಎಷ್ಟು ಎತ್ತರವಿದೆ ಎಂಬ ಮಾಹಿತಿ ಅದು ಬೇಕಾದವನ ಕೈಗೆ ಸಿಗಲಿಲ್ಲ.

ಎತ್ತರ ಅಂದರೆ ಒಂದೇ ಸಂಖ್ಯೆ ಎಂದು ತಿಳಿದವರೇ ಹೆಚ್ಚು. ಅಂಡರ್‌ಪಾಸಿನ ಕೆಳಗೆ ಅಳತೆ ಕೋಲು ಹಿಡಿದು ನಿಂತರೆ ಗೊತ್ತಾಗುತ್ತದೆ. ರಸ್ತೆ ಒಂದು ಪಕ್ಕಕ್ಕೆ ವಾಲಿರುತ್ತದೆ, ಹಾಗಾಗಿ ಎಡಕ್ಕೊಂದು ಅಳತೆ, ಬಲಕ್ಕೊಂದು. ಆ ರಸ್ತೆಯ ಮೇಲೆ ಹೊಸ ಡಾಂಬರು ಬಿದ್ದಾಗಲೆಲ್ಲ ಜಾಗ ಇಂಚಿಂಚು ಕಡಿಮೆಯಾಗುತ್ತದೆ, ಬೋರ್ಡಿನ ಮೇಲಿನ ಅಂಕಿ ಮಾತ್ರ ಹಳೆಯದೇ. ಇಳಿಜಾರಿನ ಬುಡದಲ್ಲಿರುವ ಅಂಡರ್‌ಪಾಸ್ ಇನ್ನೂ ಮೋಸ: ಉದ್ದದ ಟ್ರೈಲರಿನ ಮುಂದಿನ ಮತ್ತು ಹಿಂದಿನ ಚಕ್ರಗಳು ಏರಿನ ಮೇಲೆ ನಿಂತಾಗ ನಡುವಿನ ಲೋಡ್ ತಗ್ಗಿನ ಮೇಲೆ ತೇಲುತ್ತದೆ, ಅಂದರೆ ಅಷ್ಟು ಮೇಲಕ್ಕೆ ಎದ್ದಿರುತ್ತದೆ.

ಇನ್ನು ತೂಕ. ರಸ್ತೆಗೆ ಹೊಡೆತ ಬೀಳುವುದು ಒಟ್ಟು ತೂಕದಿಂದಲ್ಲ, ಒಂದೊಂದು ಆಕ್ಸಲಿನ, ಅಂದರೆ ಎರಡು ಬದಿಯ ಚಕ್ರಗಳನ್ನು ಹೊತ್ತ ಅಚ್ಚಿನ, ಭಾರದಿಂದ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಹೊರಟ ಅಂದಾಜಿನ ಪ್ರಕಾರ ಆಕ್ಸಲ್ ಭಾರ ಎರಡು ಪಟ್ಟಾದರೆ ಸವೆತ ಸುಮಾರು ಹದಿನಾರು ಪಟ್ಟಾಗುತ್ತದೆ. ಅದಕ್ಕೇ ಸಾಲುಸಾಲು ಆಕ್ಸಲುಗಳ ಹೈಡ್ರಾಲಿಕ್ ಟ್ರೈಲರ್ ಬಳಸುವುದು. ಆದರೆ ಸೇತುವೆಯ ಲೆಕ್ಕ ಬೇರೆ. ಒಂದೂವರೆ ಮೀಟರ್ ಅಂತರದ ಇಪ್ಪತ್ತು ಸಾಲು ಆಕ್ಸಲುಗಳೆಂದರೆ ಸುಮಾರು ಮೂವತ್ತು ಮೀಟರ್ ಉದ್ದ. ಹತ್ತು ಮೀಟರಿನ ಮೋರಿಯ ಮೇಲೆ ಒಂದು ಹೊತ್ತಿಗೆ ಅದರ ಮೂರನೇ ಒಂದು ಪಾಲು ಮಾತ್ರ ನಿಲ್ಲುತ್ತದೆ. ನಲವತ್ತು ಮೀಟರಿನ ಗರ್ಡರ್ (ಸೇತುವೆಯನ್ನು ಹೊರುವ ಉದ್ದನೆಯ ತೊಲೆ) ಮೇಲೆ ಇಡೀ ಟ್ರೈಲರ್ ನಿಲ್ಲುತ್ತದೆ. ಅಲ್ಲಿ ಆಕ್ಸಲ್ ಹೆಚ್ಚಿಸಿದರೆ ಟ್ರೈಲರಿನ ಸ್ವಂತ ತೂಕವೂ ಸೇತುವೆಯ ಮೇಲೇ ಬೀಳುತ್ತದೆ. ಅಂಥ ಕಡೆ ಬೇರೆ ವಾಹನಗಳನ್ನು ತಡೆದು, ರಸ್ತೆಯ ನಟ್ಟನಡುವೆ, ನಡಿಗೆಯ ವೇಗದಲ್ಲಿ, ಬ್ರೇಕ್ ಮುಟ್ಟದೆ ದಾಟಿಸಬೇಕು. ನಡುವೆ ಹೋದರೆ ಗರ್ಡರುಗಳು ಭಾರವನ್ನು ಹಂಚಿಕೊಳ್ಳುತ್ತವೆ. ಇದನ್ನು ಯಾವ ಸೇತುವೆಯಲ್ಲಿ ಮಾಡಬೇಕೆಂದು ಹೇಳಬೇಕಾದವರು ಅದರ ನಕ್ಷೆ ಮತ್ತು ತಪಾಸಣೆ ವರದಿ ಇಟ್ಟುಕೊಂಡಿರುವ ನಿಮ್ಮ ಎಂಜಿನಿಯರುಗಳು. ಹೊರಗೆ ನಿಂತು ಕಂಬ ನೋಡಿ ನಾನು ಹೇಳಲಾರೆ.

ತಿರುವು, ತಂತಿ, ಡಿವೈಡರುಗಳನ್ನು ನಾವು ನಿಭಾಯಿಸುತ್ತೇವೆ, ಆ ಚಿಂತೆ ನಿಮಗೆ ಬೇಡ.

ನಾನು ಕೇಳುವುದು ಇಷ್ಟು. ಪ್ರತಿ ಸೇತುವೆ, ಅಂಡರ್‌ಪಾಸಿನ ಎತ್ತರ ಲೇನುವಾರು ದಾಖಲಾಗಿ ಎಲ್ಲರಿಗೂ ಕಾಣುವಂತಿರಲಿ. ಡಾಂಬರು ಹಾಕಿದ ಗುತ್ತಿಗೆದಾರ ಹೊಸ ಅಳತೆ ಕೊಡದೆ ಕೊನೆಯ ಬಿಲ್ ಪಾಸಾಗದಿರಲಿ. ಒಂದು ಮಿತಿ ಮೀರಿದ ತೂಕದ ಅರ್ಜಿಗೆ ಸೇತುವೆ ಎಂಜಿನಿಯರ್ ಸಹಿ ಕಡ್ಡಾಯವಾಗಲಿ, ಎಲ್ಲಿ, ಯಾವ ಲೇನಿನಲ್ಲಿ, ಯಾವ ವೇಗದಲ್ಲಿ ದಾಟಬೇಕೆಂಬುದು ಪರ್ಮಿಟ್ ಮೇಲೆಯೇ ಅಚ್ಚಾಗಿರಲಿ. ಇದರಿಂದ ಪರ್ಮಿಟ್ ಒಂದೆರಡು ದಿನ ತಡವಾಗಬಹುದು. ಕಾಯಲು ನಮ್ಮ ಅಭ್ಯಂತರವಿಲ್ಲ, ಈಗಲೂ ಕಾಯುತ್ತಲೇ ಇದ್ದೇವೆ.

ಇಂತಿ,
ರೂಟ್ ಸರ್ವೆ ಮಾಡುವವನೊಬ್ಬ