‘ವಂಶದಲ್ಲೇ ಇದೆ’ ಎಂದರೆ ಮುಗಿಯಿತೇ?

ಮಾನ್ಯ ಸಂಪಾದಕರೇ,

ಯಾರಿಗಾದರೂ ಖಿನ್ನತೆ ಎಂದೊಡನೆ ‘ಅವರ ವಂಶದಲ್ಲೇ ಇದೆ ಬಿಡಿ’ ಎಂದು ಷರಾ ಬರೆದುಬಿಡುವವರು ನಮ್ಮಲ್ಲಿ ಬಹಳ. ಅವಳಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2000ದ ವಿಶ್ಲೇಷಣೆಯೊಂದು ಆನುವಂಶಿಕತೆಯ ಪಾಲನ್ನು ಅಂದಾಜು ಶೇ 37 ಎಂದಿತ್ತು. ಅದು ಕಡಿಮೆಯೇನಲ್ಲ, ಆದರೆ ಪೂರ್ತಿಯೂ ಅಲ್ಲ.

2003ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ ಅಧ್ಯಯನ ಭಾರಿ ಸುದ್ದಿ ಮಾಡಿತು. 1972–73ರಲ್ಲಿ ಅಲ್ಲಿ ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸಿದ ಸಂಶೋಧಕರು, ಮಿದುಳಿನಲ್ಲಿ ಸಂದೇಶ ಸಾಗಿಸುವ ರಾಸಾಯನಿಕವಾದ ಸೆರೊಟೊನಿನ್‌ಗೆ ಸಂಬಂಧಿಸಿದ ಒಂದು ಜೀನಿನ ‘ಗಿಡ್ಡ’ ರೂಪ ಇದ್ದವರಲ್ಲಿ ಬಾಲ್ಯದ ದೌರ್ಜನ್ಯ ಮುಂದೆ ಖಿನ್ನತೆಗೆ ಹೆಚ್ಚು ದಾರಿ ಮಾಡುತ್ತದೆ ಎಂದರು. ಕೇಳಲು ಅಚ್ಚುಕಟ್ಟಾದ ಕತೆ. ವರ್ಷಗಟ್ಟಲೆ ಪರ–ವಿರೋಧ ನಡೆದು, 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ಜಾಲಾಡಿದಾಗ ಇಂಥ 18 ‘ಪ್ರಸಿದ್ಧ’ ಜೀನ್‌ಗಳು ಕಣ್ಣುಮುಚ್ಚಿ ಆರಿಸಿದ ಜೀನ್‌ಗಳಿಗಿಂತ ಮೇಲೇನಲ್ಲ ಎಂದಾಯಿತು! ಒಂದೊಂದೂ ಎಳ್ಳಷ್ಟೇ ಪ್ರಭಾವ ಬೀರುವ ನೂರಾರು ಜೀನ್‌ಗಳು ಇದರಲ್ಲಿವೆ ಎಂಬುದು ಈಗಿನ ತಿಳಿವಳಿಕೆ.

ಜೀನಿನ ಆ ಕತೆ ಬಿದ್ದುಹೋದರೂ ಬಾಲ್ಯದ ಹೊಡೆತ, ನಿರ್ಲಕ್ಷ್ಯ, ಲೈಂಗಿಕ ಕಿರುಕುಳಗಳ ಪಾತ್ರ ಬೀಳಲಿಲ್ಲ. ಅದು ಮತ್ತೆ ಮತ್ತೆ ಕಂಡುಬಂದಿದೆ. ವಂಶವಾಹಿಯನ್ನು ನಾವು ಬದಲಿಸಲಾರೆವು, ಬೆತ್ತ ಕೆಳಗಿಡಬಹುದಲ್ಲ? ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯೊಳಗೆ ಕೇಳುವವರು ಯಾರು?

ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ 14416 ಸಂಖ್ಯೆಗಳನ್ನು ಪ್ರತಿ ಶಾಲೆಯ ಗೋಡೆಯ ಮೇಲೂ ದೊಡ್ಡ ಅಕ್ಷರದಲ್ಲಿ ಬರೆಸಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

– ಓದುಗ, ಶಿವಮೊಗ್ಗ